ಎಲ್ಲ ಧರ್ಮಗಳೂ ಒಂದೇ ಎಂದು ಮಕ್ಕಳಿಗೆ ಹೇಳಿದ್ದು ತಪ್ಪಾಯಿತೇ?

ಪ್ರಶ್ನೆ: ನಾನು ಇಂಗ್ಲೆಂಡಿನಲ್ಲಿ ಸ್ಥಳೀಯ ಆಡಳಿತ ನಡೆಸುವ ಪ್ರಾಥಮಿಕ ಶಾಲೆಯೊಂದರ ಶಿಕ್ಷಕಿ. ಎಂಟು-ಒಂಬತ್ತು ವರ್ಷದ ಮಕ್ಕಳಿಗೆ ಮಿಕ್ಕ ವಿಷಯಗಳ ಜೊತೆ ಧರ್ಮಶಿಕ್ಷಣದ ಪಾಠವನ್ನೂ ನಾನೇ ಮಾಡುತ್ತೇನೆ. ಈಸ್ಟರ್ ಹಬ್ಬದ ಪಾಠ ಮುಗಿದಾಗ ಒಬ್ಬ ಹುಡುಗ, "ಹಾಗಾದರೆ ಯಾವ ಧರ್ಮ ನಿಜ ಮಿಸ್?" ಎಂದು ಕೇಳಿದ. ಏನು ಹೇಳಬೇಕೆಂದು ತೋಚದೆ, ಕುರುಡರು ಆನೆ ಮುಟ್ಟಿದ ಕಥೆ ಹೇಳಿ, ಎಲ್ಲ ಧರ್ಮಗಳೂ ಹೇಳುವುದು ಒಂದನ್ನೇ ಎಂದುಬಿಟ್ಟೆ. ಅವನದು ಶ್ರದ್ಧಾವಂತ ಕ್ರೈಸ್ತ ಕುಟುಂಬ. ಮರುದಿನ ತಂದೆ ಬಂದು, ತಮ್ಮ ಮನೆಯಲ್ಲಿ ಹಾಗೆ ಕಲಿಸುವುದಿಲ್ಲವೆಂದೂ ಮಗನನ್ನು ಈ ಪಾಠದಿಂದ ಬಿಡಿಸುವ ಯೋಚನೆಯಿದೆಯೆಂದೂ ಸೌಮ್ಯವಾಗಿಯೇ ತಿಳಿಸಿದರು. ಅದೇ ತರಗತಿಯ ಹುಡುಗಿಯೊಬ್ಬಳು, "ನಮ್ಮ ಮನೆಯಲ್ಲಿ ದೇವರೇ ಇಲ್ಲ. ನಾನು ಆನೆಯ ಯಾವ ಭಾಗ ಮುಟ್ಟಿದ್ದೇನೆ?" ಎಂದಳು. ನಾನು ದಿನವೂ ಪೂಜೆ ಮಾಡುವವಳು. ಮುಂದಿನ ಅವಧಿಗೆ ಇಡೀ ಶಾಲೆಯ ಹಿಂದೂ ಧರ್ಮದ ಪಾಠಗಳನ್ನು ರೂಪಿಸುವ ಹೊಣೆಯನ್ನೂ ಮುಖ್ಯೋಪಾಧ್ಯಾಯಿನಿ ನನಗೇ ವಹಿಸಿದ್ದಾರೆ. ಈ ವಿಷಯವನ್ನೇ ಬಿಟ್ಟುಬಿಡಲೇ?

ಉತ್ತರ: ಬಿಡಬೇಡಿ. ಬಿಡುವ ಹಕ್ಕು ನಿಮಗೆ ಖಂಡಿತವಾಗಿಯೂ ಇದೆ. ನಿಮ್ಮಂಥ ಶಾಲೆಯಲ್ಲಿ ಯಾವ ಶಿಕ್ಷಕರನ್ನೂ ಧರ್ಮಶಿಕ್ಷಣ ಕೊಡುವಂತೆ ಒತ್ತಾಯಿಸುವಂತಿಲ್ಲ ಎಂದು ಅಲ್ಲಿನ 1998ರ ಶಾಲಾ ಕಾಯ್ದೆಯೇ ಹೇಳುತ್ತದೆ. ಆದರೆ ಆ ಹಕ್ಕು ಇರುವುದು ಈ ಪಾಠ ಮಾಡಲು ಯಾರ ಮನಸ್ಸಾಕ್ಷಿ ಒಪ್ಪುವುದಿಲ್ಲವೋ ಅವರ ರಕ್ಷಣೆಗೆ. ನಿಮ್ಮ ಪತ್ರದಲ್ಲಿ ನನಗೆ ಕಂಡದ್ದು ಒಪ್ಪದ ಮನಸ್ಸಲ್ಲ, ಮಕ್ಕಳ ಮುಂದೆ ನ್ಯಾಯವಾಗಿ ನಡೆದುಕೊಳ್ಳಬೇಕೆಂಬ ಕಳವಳ. ಅಂಥ ಕಳವಳವಿರುವವರೇ ಈ ತರಗತಿಗೆ ಬೇಕು.

ಮೊದಲು ಆನೆಯ ಕಥೆಯ ವಿಚಾರ. ಎಲ್ಲ ಧರ್ಮಗಳ ಸಾರವೂ ಒಂದೇ ಎಂಬ ಮಾತು ನಮ್ಮಲ್ಲಿ ಅನೇಕರಿಗೆ ಬಾಲ್ಯದಿಂದ ರೂಢಿಯಾದದ್ದು. ಅದರ ಹಿಂದಿನ ಸದ್ಭಾವನೆಯನ್ನು ನಾನು ಪ್ರಶ್ನಿಸುವುದಿಲ್ಲ. ಆದರೆ ಅದು ಯಾರ ಪಕ್ಷವನ್ನೂ ವಹಿಸದ ಮಾತೆಂದು ನಾವು ಭಾವಿಸಿರುವುದು ಸರಿಯಲ್ಲ. ಅದೂ ಒಂದು ನಂಬಿಕೆಯೇ, ಅದನ್ನು ಒಪ್ಪುವವರಿರುವಂತೆ ಒಪ್ಪದವರೂ ಇದ್ದಾರೆ. ಕಥೆಯನ್ನು ಇನ್ನೊಮ್ಮೆ ನೋಡಿ. ಕಂಬದಂತಿದೆ, ಮೊರದಂತಿದೆ ಎಂದು ಜಗಳವಾಡುವವರೆಲ್ಲ ಹುಟ್ಟುಕುರುಡರು, ಆನೆಯನ್ನು ಇಡಿಯಾಗಿ ಕಂಡವನು ಅವರನ್ನು ಕರೆಸಿದ ರಾಜನೊಬ್ಬನೇ. ಎಲ್ಲ ಧರ್ಮಗಳೂ ಒಂದೇ ಎಂದು ಈ ಕಥೆಯನ್ನು ಮುಗಿಸಿದಾಗ, ನೀವು ಬಯಸದಿದ್ದರೂ ರಾಜನ ಜಾಗದಲ್ಲಿ ನೀವು ನಿಂತಿರಿ, ಆ ಹುಡುಗನ ಅಪ್ಪ-ಅಮ್ಮ ಕುರುಡರ ಸಾಲಿಗೆ ಸೇರಿದರು. ಅವರಿಗೆ ನೋವಾದದ್ದು ಸಹಜ. ಬೌದ್ಧರ ಉದಾನ ಗ್ರಂಥದಲ್ಲಿಯೂ ಬುದ್ಧ ಈ ಕಥೆ ಹೇಳುವುದು ಎಲ್ಲ ಮತಗಳೂ ಒಂದೇ ಎಂದು ಸಾರಲು ಅಲ್ಲ. ಶ್ರಾವಸ್ತಿಯಲ್ಲಿ ತಮ್ಮದೇ ಸತ್ಯವೆಂದು ಕಚ್ಚಾಡುತ್ತಿದ್ದ ಪರಿವ್ರಾಜಕರ ವಿಷಯ ಬಂದಾಗ, ಒಂದೇ ಅಂಗವನ್ನು ಕಂಡವರ ವಾದ ಎಂಥದ್ದೆಂದು ತೋರಿಸಲು. ಸತ್ಯಕ್ಕೆ ಅನೇಕ ಮುಖಗಳಿವೆ ಎಂಬ ತಮ್ಮ ಅನೇಕಾಂತವಾದವನ್ನು ವಿವರಿಸುವಾಗ ಜೈನರೂ ಇದನ್ನು ಬಳಸುತ್ತಾರೆ. ಮುಂದಿನ ಸಲ ಇದನ್ನು ಬೌದ್ಧರ, ಜೈನರ ಕಥೆಯೆಂದೇ ಪರಿಚಯಿಸಿ, "ಇದನ್ನು ಯಾರು ಒಪ್ಪುತ್ತಾರೆ, ಯಾರು ಒಪ್ಪಲಾರರು, ಏಕೆ?" ಎಂದು ಮಕ್ಕಳನ್ನು ಕೇಳಿ. ಆಗ ಅದು ತೀರ್ಪಾಗದೆ ಪಾಠವಾಗುತ್ತದೆ.

ಹಾಗಾದರೆ ಯಾವುದು ನಿಜ ಎಂಬ ಪ್ರಶ್ನೆಗೆ ಏನು ಹೇಳಬೇಕು? ಪ್ರಶ್ನೆಯನ್ನು ಮೆಚ್ಚಿಕೊಳ್ಳಿ, ದೊಡ್ಡವರೂ ಬಹಳ ಕಾಲದಿಂದ ಇದನ್ನೇ ಕೇಳುತ್ತ ಬಂದಿದ್ದಾರೆಂದು ತಿಳಿಸಿ, ಆಮೇಲೆ ಭಿನ್ನಾಭಿಪ್ರಾಯವನ್ನು ಮುಚ್ಚಿಡದೆ ಮುಂದಿಡಿ. ಈಸ್ಟರ್ ಪಾಠವನ್ನೇ ತೆಗೆದುಕೊಳ್ಳೋಣ. ಯೇಸು ದೇವರ ಮಗ, ಶಿಲುಬೆಯ ಮೇಲೆ ಸತ್ತು ಮತ್ತೆ ಎದ್ದು ಬಂದರು ಎಂದು ಕ್ರೈಸ್ತರು ನಂಬುತ್ತಾರೆ. ಮುಸ್ಲಿಮರು ಅವರನ್ನೇ ಈಸಾ ಎಂದು ಕರೆದು ಪ್ರವಾದಿಯೆಂದು ಗೌರವಿಸುತ್ತಾರೆ, ಆದರೆ ದೇವರಿಗೆ ಮಗನಿದ್ದಾನೆಂಬುದನ್ನು ಒಪ್ಪುವುದಿಲ್ಲ. ಯೆಹೂದಿಗಳು ಅವರನ್ನು ಮೆಸ್ಸೀಯನೆಂದು, ಅಂದರೆ ದೇವರು ಕಳಿಸುವನೆಂದು ತಾವು ಕಾಯುತ್ತಿರುವ ರಕ್ಷಕನೆಂದು, ಸ್ವೀಕರಿಸಿಲ್ಲ. ಯೇಸು ಒಬ್ಬ ಉಪದೇಶಕನಾಗಿದ್ದಿರಬಹುದು, ಸತ್ತವರು ಏಳುವುದಿಲ್ಲ ಎನ್ನುವವರೂ ಇದ್ದಾರೆ. ಈ ನಾಲ್ಕನ್ನೂ ಹಲಗೆಯ ಮೇಲೆ ಬರೆದರೆ, ಇವೆಲ್ಲ ಒಂದೇ ಅಲ್ಲವೆಂದು ಒಂಬತ್ತು ವರ್ಷದ ಮಗುವಿಗೆ ತಾನಾಗಿಯೇ ಕಾಣುತ್ತದೆ. ಹಾಗಿದ್ದೂ ಈ ನಾಲ್ಕು ಬಗೆಯ ಮನೆಗಳ ಮಕ್ಕಳು ಒಂದೇ ಮೇಜಿನ ಸುತ್ತ ಕುಳಿತು ಬಣ್ಣದ ಪೆನ್ಸಿಲ್ ಹಂಚಿಕೊಳ್ಳಬಲ್ಲರೆಂಬುದನ್ನು ಅವು ದಿನವೂ ಅನುಭವಿಸುತ್ತಿವೆ. ಜೊತೆಯಲ್ಲಿ ಬಾಳಲು ಒಂದೇ ಅಭಿಪ್ರಾಯ ಬೇಕಿಲ್ಲವೆಂಬುದು ಈ ಪಾಠದಿಂದ ಮಕ್ಕಳಿಗೆ ದಕ್ಕಬಹುದಾದ ಅತ್ಯಂತ ಬೆಲೆಯುಳ್ಳ ತಿಳಿವಳಿಕೆಯೆಂದು ನಾನು ಮನಸಾರೆ ನಂಬಿದ್ದೇನೆ.

ಇದಕ್ಕೆ ನಿಮ್ಮ ಮಾತಿನಲ್ಲಿ ಒಂದು ಶಿಸ್ತು ಬೇಕಾಗುತ್ತದೆ. "ದೇವರು ಲೋಕವನ್ನು ಸೃಷ್ಟಿಸಿದ" ಎನ್ನುವ ಬದಲು "ದೇವರು ಲೋಕವನ್ನು ಸೃಷ್ಟಿಸಿದನೆಂದು ಇವರು ನಂಬುತ್ತಾರೆ" ಎನ್ನಬೇಕು. "ಮುಸ್ಲಿಮರೆಲ್ಲ" ಎನ್ನುವಲ್ಲಿ "ಅನೇಕ ಮುಸ್ಲಿಮರು" ಎನ್ನಬೇಕು. ನಿಮ್ಮ ಸ್ವಂತ ಶ್ರದ್ಧೆಯ ಬಗ್ಗೆ ಮಾತಾಡುವಾಗಲೂ ಇದೇ ಶಿಸ್ತು ಇರಲಿ. ಮಕ್ಕಳು ಕೇಳಿದರೆ, "ನಾನು ಹಿಂದೂ, ಮನೆಯಲ್ಲಿ ಪೂಜೆ ಮಾಡುತ್ತೇನೆ, ನೀವು ನನ್ನಂತೆ ನಂಬಬೇಕಾಗಿಲ್ಲ" ಎಂದು ಸರಳವಾಗಿ ಹೇಳಿ ಪಾಠಕ್ಕೆ ಮರಳಬಹುದು. ಶ್ರದ್ಧೆಯಿರುವವರು ನಿಷ್ಪಕ್ಷವಾಗಿ ಕಲಿಸಲಾರರೆಂಬುದು ಸುಳ್ಳು. ಪ್ರಾರ್ಥನೆಯೆಂದರೆ ಒಬ್ಬ ಮನುಷ್ಯನಿಗೆ ಏನೆಂಬುದನ್ನು ಒಳಗಿನಿಂದ ಬಲ್ಲವರಿಗೆ ಇನ್ನೊಬ್ಬರ ಪ್ರಾರ್ಥನೆಯನ್ನು ಗೌರವದಿಂದ ವಿವರಿಸುವುದು ಎಷ್ಟೋ ಸಲ ಸುಲಭವಾಗುತ್ತದೆ.

ಆ ಹುಡುಗಿಯ ಪ್ರಶ್ನೆ ಇನ್ನೂ ಮುಖ್ಯವಾದದ್ದು. 2021ರ ಜನಗಣತಿಯಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್‌ನ ಶೇ. 37.2ರಷ್ಟು ಜನ ತಮಗೆ ಧರ್ಮವಿಲ್ಲವೆಂದು ಬರೆಸಿದ್ದಾರೆ; ಕ್ರೈಸ್ತರು ಶೇ. 46.2. ಪಾಠಕ್ರಮವು ನಾಡಿನ ಧಾರ್ಮಿಕ ಪರಂಪರೆ ಮುಖ್ಯವಾಗಿ ಕ್ರೈಸ್ತವೆಂಬುದನ್ನು ಬಿಂಬಿಸಬೇಕು, ಇತರ ಪ್ರಮುಖ ಧರ್ಮಗಳನ್ನೂ ಗಣನೆಗೆ ತೆಗೆದುಕೊಳ್ಳಬೇಕು ಎಂದು 1988ರ ಕಾನೂನು ಹೇಳಿತು. ಧಾರ್ಮಿಕವಲ್ಲದ ನಂಬಿಕೆಗಳಿಗೂ ಸಮಾನ ಗೌರವ ಸಲ್ಲಬೇಕೆಂದು 2015ರಲ್ಲಿ ಅಲ್ಲಿನ ಹೈಕೋರ್ಟ್ ಸ್ಪಷ್ಟಪಡಿಸಿತು. ಪ್ರತಿಯೊಂದಕ್ಕೂ ಅಷ್ಟೇ ಸಮಯ ಕೊಡಬೇಕೆಂದು ಮಾತ್ರ ಹೇಳಲಿಲ್ಲ. ವಿಷಯದ ಹೆಸರನ್ನೇ "ಧರ್ಮ ಮತ್ತು ಜೀವನದೃಷ್ಟಿಗಳು" ಎಂದು ಬದಲಿಸಬೇಕೆಂದು ಧರ್ಮಶಿಕ್ಷಣ ಆಯೋಗವು 2018ರಲ್ಲಿ ಶಿಫಾರಸು ಮಾಡಿದ್ದರ ಹಿಂದೆ ಈ ಹುಡುಗಿಯಂಥ ಮಕ್ಕಳಿದ್ದಾರೆ. ಅವಳ ಮನೆಯಲ್ಲಿ ದೇವರಿಲ್ಲವೆಂದರೆ ಏನೂ ಇಲ್ಲವೆಂದಲ್ಲ. ಯಾವುದು ಸರಿ ಯಾವುದು ತಪ್ಪು, ಸತ್ತವರನ್ನು ಹೇಗೆ ನೆನೆಯುವುದು, ಮಗು ಹುಟ್ಟಿದಾಗ ಹೇಗೆ ಸ್ವಾಗತಿಸುವುದು ಎಂಬುದಕ್ಕೆಲ್ಲ ಅವರದೇ ಉತ್ತರಗಳಿರುತ್ತವೆ. ಮುಂದಿನ ಪಾಠದಲ್ಲಿ ದೇವರನ್ನು ನಂಬದೆ ಮನುಷ್ಯಮೌಲ್ಯಗಳಂತೆ ಬಾಳುವ ಮಾನವತಾವಾದಿಗಳ ನಾಮಕರಣ ಸಮಾರಂಭವನ್ನು ಕ್ರೈಸ್ತರ ದೀಕ್ಷಾಸ್ನಾನದ ಪಕ್ಕದಲ್ಲಿಟ್ಟು ತೋರಿಸಿ. ಆದರೆ ಅವಳನ್ನು ಎಬ್ಬಿಸಿ ನಿಲ್ಲಿಸಿ "ನಿಮ್ಮ ಮನೆಯಲ್ಲಿ ಹೇಗೆ?" ಎಂದು ಕೇಳಬೇಡಿ, ತಾನಾಗಿ ಹೇಳಿದರೆ ಕೇಳಿಸಿಕೊಳ್ಳಿ. ಯಾವ ಮಗುವಿನ ಮೇಲೂ ತನ್ನ ಸಮುದಾಯದ ವಕ್ತಾರನಾಗುವ ಹೊರೆ ಬೀಳಬಾರದು.

ತಂದೆಯನ್ನು ನೀವಾಗಿಯೇ ಕರೆದು ಮಾತಾಡಿ. ಎಲ್ಲವೂ ಒಂದೇ ಎಂದು ಹೇಳಬಾರದಿತ್ತೆಂದು ನೇರವಾಗಿ ಒಪ್ಪಿಕೊಂಡರೆ ನಿಮ್ಮ ಘನತೆಗೇನೂ ಕುಂದಿಲ್ಲ. ಮಗನನ್ನು ಪೂರ್ತಿಯಾಗಿಯೋ ಭಾಗಶಃವೋ ಪಾಠದಿಂದ ಬಿಡಿಸುವ ಹಕ್ಕು ಅವರಿಗಿದೆ, ಕಾರಣವನ್ನೂ ಕೊಡಬೇಕಿಲ್ಲ. ಆದ್ದರಿಂದ ವಾದಕ್ಕಿಳಿಯದೆ ಮುಂದಿನ ಕೆಲವು ವಾರಗಳ ಪಾಠಗಳನ್ನು ಅವರ ಮುಂದಿಡಿ. ಇಲ್ಲಿ ಯಾರನ್ನೂ ಪೂಜೆ ಮಾಡಿಸುವುದಿಲ್ಲ, ಮಂದಿರವನ್ನೋ ಮಸೀದಿಯನ್ನೋ ನೋಡಲು ಹೋದಾಗ ಮಕ್ಕಳು ವೀಕ್ಷಕರಾಗಿ ಮಾತ್ರ ಇರುತ್ತಾರೆ, ಕ್ರೈಸ್ತ ನಂಬಿಕೆಯನ್ನು ಕ್ರೈಸ್ತರು ಒಪ್ಪುವ ಮಾತುಗಳಲ್ಲೇ ವಿವರಿಸುತ್ತೇನೆ ಎಂದು ಭರವಸೆ ಕೊಡಿ. ಅವರು ಆಗಲೂ ಬೇಡವೆಂದರೆ ಬೇಸರಿಸಿಕೊಳ್ಳದೆ ಒಪ್ಪಿಕೊಳ್ಳಿ, ಹುಡುಗನನ್ನು ಎಂದಿನ ಪ್ರೀತಿಯಿಂದಲೇ ಕಾಣಿ.

ಇನ್ನು ಹಿಂದೂ ಧರ್ಮದ ಪಾಠಗಳು. ಹಿಂದೂ ಎಂಬ ಕಾರಣಕ್ಕೇ ಈ ಹೊಣೆ ಬಂದಿದ್ದರೆ, ನೀವು ಬಲ್ಲದ್ದು ನಿಮ್ಮ ಮನೆಯ ಆಚರಣೆಯನ್ನು, ಇಡೀ ಧರ್ಮವನ್ನಲ್ಲ ಎಂದು ಮುಖ್ಯೋಪಾಧ್ಯಾಯಿನಿಗೆ ವಿನಯದಿಂದ ತಿಳಿಸಿ, ತಯಾರಿಗೆ ಸಮಯವನ್ನೂ ತರಬೇತಿಯನ್ನೂ ಕೇಳಿ. ಹಿಂದೂಗಳು ನಂಬುವುದು ಇಂತಿಷ್ಟೇ ಎಂದು ಅಚ್ಚುಕಟ್ಟಾಗಿ ಪಟ್ಟಿ ಮಾಡಿದ ಪಾಠ ಕೈಗೆ ಬಂದರೆ ಹುಷಾರಾಗಿರಿ. ಜೀವ ಬೇರೆಯಲ್ಲ, ಬ್ರಹ್ಮವೇ ಎಂದ ಶಂಕರರೂ, ಜೀವ-ದೇವರ ಭೇದ ಎಂದಿಗೂ ಅಳಿಯದೆಂದ ಮಧ್ವರೂ ಅದೇ ಹೆಸರಿನಡಿ ಬರುತ್ತಾರೆ. ಗುಡಿಗೆ ಹೋಗುವ ಮನೆಗಳಿರುವಂತೆ ಹೋಗದ ಮನೆಗಳೂ ಇವೆ. ಪಾಠದಲ್ಲಿ ಎರಡು ಬೇರೆ ಬೇರೆ ಹಿಂದೂ ಕುಟುಂಬಗಳನ್ನು ಅಕ್ಕಪಕ್ಕ ಇಡಿ, ಎರಡರಲ್ಲಿ ಯಾವುದೂ ನಿಮ್ಮದಾಗಿರದಿದ್ದರೆ ಒಳ್ಳೆಯದು. ಆ ಕರಡನ್ನು ನಿಮ್ಮ ಸ್ಥಳೀಯ ಆಡಳಿತವು ಧರ್ಮಶಿಕ್ಷಣಕ್ಕಾಗಿ ಅಂಗೀಕರಿಸಿರುವ ಪಾಠಕ್ರಮದ ಜೊತೆ ಹೋಲಿಸಿ ನೋಡಿ, ಹಿಂದೂ ಅಲ್ಲದ ಒಬ್ಬ ಸಹೋದ್ಯೋಗಿಗೂ ಓದಲು ಕೊಡಿ. ಆ ಪಾಠಗಳನ್ನು ನಾಳೆ ತರಗತಿಯಲ್ಲಿ ಮಾಡಬೇಕಾದವರು ಅವರೇ.