ರೆಕ್ಕೆ ಅಳೆದ ಮೇಲೆ ಮಾತು

ಹಿರಿಯೂರು ತಾಲ್ಲೂಕಿನ ನಿವೃತ್ತ ಮೇಷ್ಟ್ರೊಬ್ಬರ ಪತ್ರ: “ಸೇನೆಯ ಡ್ರೋನ್ ನೆಲೆಗಳನ್ನು ಉಪಗ್ರಹ ಚಿತ್ರಗಳಲ್ಲಿ ಹುಡುಕುವವರ ಬಗ್ಗೆ ಕಳೆದ ಸಂಚಿಕೆಯಲ್ಲಿ ಓದಿದೆ. ಮನೆಯಲ್ಲಿ ಕೂತು, ಒಂದು ಚುಕ್ಕೆ ನೋಡಿ, ಇದು ಡ್ರೋನ್ ಅಂತ ಹೇಗೆ ಹೇಳುತ್ತಾರೆ? ಶತ್ರುವಿಗೆ ದಾರಿ ತೋರಿಸಿದ ಹಾಗಲ್ಲವೇ? 2023ರಲ್ಲಿ ವದ್ದಿಕೆರೆಯ ಹೊಲದಲ್ಲಿ ಡ್ರೋನ್ ಬಿದ್ದಾಗ ನಾನೂ ಮೊಬೈಲ್‌ನಲ್ಲಿ ವಿಡಿಯೊ ಮಾಡಿದ್ದೆ. ತಪ್ಪು ಮಾಡಿದೆನಾ?”

ಸಂಪಾದಕರ ಉತ್ತರ:

ಮೇಷ್ಟ್ರೇ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಯ ಸಾಲು ಮನಸ್ಸಿನಲ್ಲೇ ಉಳಿಯಿತು. ಅದಕ್ಕೆ ಆಮೇಲೆ ಬರುತ್ತೇನೆ. ಮೊದಲು ಪಾಕಿಸ್ತಾನದ ಬಲೂಚಿಸ್ತಾನದ ಒಂದು ಕಥೆ ಹೇಳಬೇಕು.

ಅಲ್ಲಿ ಶಂಸಿ ಅಂತ ಒಂದು ವಿಮಾನ ಇಳಿದಾಣ ಇದೆ. ಸುತ್ತ ಬೋಳು ಗುಡ್ಡ, ಮರಳು. 1992ರಲ್ಲಿ ಪಾಕಿಸ್ತಾನ ಅದನ್ನು ಯುಎಇಗೆ ಗುತ್ತಿಗೆ ಕೊಟ್ಟಿತ್ತು. ಅರಬ್ ಶೇಖ್‌ಗಳು ಅಲ್ಲಿಗೆ ಬರುತ್ತಿದ್ದದ್ದು ಸಾಕಿದ ಡೇಗೆಗಳನ್ನು ಬಿಟ್ಟು ಹೌಬಾರಾ ಹಕ್ಕಿ ಬೇಟೆಯಾಡಲು. ಹೌಬಾರಾ ಅಂದರೆ ನಮ್ಮ ಸಿರುಗುಪ್ಪದ ಎರ್ಲಡ್ಡು ಹಕ್ಕಿಯ (ಗ್ರೇಟ್ ಇಂಡಿಯನ್ ಬಸ್ಟರ್ಡ್) ದಾಯಾದಿ. 2001ರ ನಂತರ ಆ ಜಾಗ ಅಮೆರಿಕದವರ ಕೈಗೆ ಹೋಯಿತು. ಆದರೆ ತನ್ನ ನೆಲದಲ್ಲಿ ಅಮೆರಿಕದ ಡ್ರೋನ್ ದಾಳಿ ನಡೆದಾಗಲೆಲ್ಲ ಪಾಕಿಸ್ತಾನ ಸರ್ಕಾರ ಬಹಿರಂಗವಾಗಿ ಪ್ರತಿಭಟಿಸುತ್ತಿತ್ತು. ನಮ್ಮ ನೆಲದಿಂದ ಡ್ರೋನ್ ಹಾರುತ್ತಿಲ್ಲ ಅನ್ನುತ್ತಿತ್ತು.

2009ರ ಫೆಬ್ರವರಿಯಲ್ಲಿ ಅಮೆರಿಕದ ಸೆನೆಟರ್ ಡಯಾನ್ ಫೈನ್‌ಸ್ಟೈನ್ ಒಂದು ವಿಚಾರಣೆಯಲ್ಲಿ, ಈ ಡ್ರೋನ್‌ಗಳು ಪಾಕಿಸ್ತಾನದ ನೆಲೆಯಿಂದಲೇ ಹಾರುತ್ತಿವೆ ಎಂಬರ್ಥದ ಮಾತಾಡಿಬಿಟ್ಟರು. ಪಾಕಿಸ್ತಾನ ಅಲ್ಲಗಳೆಯಿತು. ಕೆಲವೇ ದಿನದಲ್ಲಿ ಪತ್ರಿಕೆಗಳಲ್ಲಿ ಒಂದು ಚಿತ್ರ ಬಂತು. ಯಾವ ಗೂಢಚಾರನೂ ಕದ್ದು ತಂದದ್ದಲ್ಲ, ಗೂಗಲ್ ಅರ್ಥ್‌ನಲ್ಲಿದ್ದ 2006ರ ಚಿತ್ರ. ಶಂಸಿಯಲ್ಲಿ ಮೂರು ಡ್ರೋನ್‌ಗಳು ಬಿಸಿಲಲ್ಲಿ ನಿಂತಿದ್ದವು.

ನೀವು ಕೇಳಿದ “ಹೇಗೆ ಹೇಳುತ್ತಾರೆ” ಅನ್ನುವುದಕ್ಕೆ ಉತ್ತರ ಇಲ್ಲೇ ಇದೆ. ಪಾಕಿಸ್ತಾನದ ಒಂದು ಪತ್ರಿಕೆ ಇವು ಗ್ಲೋಬಲ್ ಹಾಕ್ ಎಂದು ಬರೆಯಿತು. ಅದು ಬೇಹುಗಾರಿಕೆಯ ಡ್ರೋನ್, ಕ್ಷಿಪಣಿ ಹಾರಿಸುವುದಿಲ್ಲ. ಜೇನ್ಸ್ ಡಿಫೆನ್ಸ್ ವೀಕ್ಲಿ ಅನ್ನುವ ರಕ್ಷಣಾ ವಾರಪತ್ರಿಕೆಯ ವಿಮಾನ ತಜ್ಞರೊಬ್ಬರು ಚಿತ್ರದಲ್ಲಿ ರೆಕ್ಕೆಯ ಉದ್ದ ಅಳೆದರು. 48ರಿಂದ 50 ಅಡಿ ಬಂತು. ಗ್ಲೋಬಲ್ ಹಾಕ್ ರೆಕ್ಕೆ 116 ಅಡಿ! ಕ್ಷಿಪಣಿ ಹೊರುವ ಪ್ರೆಡೇಟರ್ ಡ್ರೋನ್‌ನದ್ದು 50ರ ಆಸುಪಾಸು. ಅಂದರೆ ನಿಂತಿದ್ದದ್ದು ಬರೀ ನೋಡುವ ಯಂತ್ರ ಅಲ್ಲ, ಕೊಲ್ಲುವ ಯಂತ್ರ. ಒಂದು ಅಳತೆಯಿಂದ ಇಡೀ ಸುದ್ದಿಯ ಅರ್ಥವೇ ಬದಲಾಯಿತು.

ರಂಗೋಲಿ ಚುಕ್ಕೆ ನೆನೆಸಿಕೊಳ್ಳಿ. ಉಪಗ್ರಹದ ಚಿತ್ರವೂ ಹಾಗೇ ಚುಕ್ಕೆಗಳಿಂದ ಆದದ್ದು. ಒಂದು ಚುಕ್ಕೆ ನೆಲದ ಮೇಲಿನ ಅರ್ಧ ಮೀಟರ್ ಅಂತಿದ್ದರೆ, ಪ್ರೆಡೇಟರ್‌ನ 15 ಮೀಟರ್ ರೆಕ್ಕೆಗೆ 30 ಚುಕ್ಕೆ ಸಿಗುತ್ತವೆ. ತೆಳ್ಳಗಿನ ಉದ್ದ ರೆಕ್ಕೆ, ಪುಟ್ಟ ಮೈ, ಎಲ್ಲ ಗೊತ್ತಾಗುತ್ತದೆ. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಎಲ್ಲರಿಗೂ ಪುಕ್ಕಟೆ ಸಿಗುತ್ತವೆ ನಿಜ. ಆದರೆ ಅಲ್ಲಿ ಒಂದು ಚುಕ್ಕೆ ಅಂದರೆ 10 ಮೀಟರ್. ಅದೇ ಡ್ರೋನ್ ಒಂದೆರಡು ಚುಕ್ಕೆಯಲ್ಲಿ ಮುಗಿದುಹೋಗುತ್ತದೆ. ಅದರಲ್ಲಿ ಹೊಸ ರನ್‌ವೇ, ಹೊಸ ಶೆಡ್ಡು ಎದ್ದದ್ದು ಕಾಣಬಹುದು. ಅದರಲ್ಲೇ ಡ್ರೋನ್ ಕಂಡೆ ಅನ್ನುವವರನ್ನು ನಾನು ನಂಬುವುದಿಲ್ಲ. ಅದಕ್ಕೇ ನಮ್ಮಲ್ಲಿಗೆ ಬರುವ ಇಂಥ ಬರಹಗಳಿಗೆ ಎರಡು ಪ್ರಶ್ನೆ ಕೇಳುತ್ತೇವೆ: ಚಿತ್ರ ಯಾವ ತಾರೀಖಿನದು? ಅಳತೆ ಯಾರು ಮಾಡಿದರು? 2006ರ ಚಿತ್ರ 2006ರ ಮಾತು ಮಾತ್ರ ಹೇಳುತ್ತದೆ, ಅಲ್ವಾ?

2011ರ ನವೆಂಬರ್‌ನಲ್ಲಿ ಅಫ್ಘಾನಿಸ್ತಾನದ ಗಡಿಯಲ್ಲಿನ ಸಲಾಲಾ ಠಾಣೆಯ ಮೇಲೆ, ಅಮೆರಿಕ ಮುಂದಾಳಾಗಿರುವ ನೇಟೊ ಸೇನಾಕೂಟದ ದಾಳಿಯಾಗಿ ಪಾಕಿಸ್ತಾನದ 24 ಸೈನಿಕರು ಸತ್ತರು. ಆಮೇಲೆ ಶಂಸಿ ಖಾಲಿ ಮಾಡಿ ಎಂದು ಪಾಕಿಸ್ತಾನ ಅಮೆರಿಕಕ್ಕೆ ಗಡುವು ಕೊಟ್ಟಿತು. ಡಿಸೆಂಬರ್ 11ಕ್ಕೆ ಅವರು ಬಿಟ್ಟು ಹೋದರು. ಅಲ್ಲಿ ಯಾರಿದ್ದರು ಅನ್ನುವುದು ಆಗ ಎಲ್ಲರೆದುರು ಬಯಲಾಯಿತು.

ಈಗ ಶತ್ರುವಿಗೆ ದಾರಿ ತೋರಿಸುವ ಪ್ರಶ್ನೆ. ಶಂಸಿಯ ವಿಷಯದಲ್ಲಿ ಸತ್ಯ ಗೊತ್ತಿಲ್ಲದೆ ಇದ್ದವರು ಯಾರು ಹೇಳಿ? ಎರಡೂ ಸರ್ಕಾರಗಳಿಗೆ ಗೊತ್ತಿತ್ತು. ಕತ್ತಲಲ್ಲಿದ್ದದ್ದು ಆ ದೇಶದ ಜನ. ತಲೆ ಮೇಲೆ ಡ್ರೋನ್ ಸದ್ದು ಕೇಳುತ್ತಾ ಬದುಕುವ ಮನೆಯವರಿಗೆ ಅದು ಎಲ್ಲಿಂದ ಬರುತ್ತಿದೆ, ಯಾರ ಒಪ್ಪಿಗೆಯಿಂದ ಬರುತ್ತಿದೆ ಅಂತ ತಿಳಿಯುವ ಹಕ್ಕು ಇದೆ. ಇದನ್ನು ನಾನು ಗಟ್ಟಿಯಾಗಿ ನಂಬುತ್ತೇನೆ.

ಹಾಗಂತ ನಿಮ್ಮ ಆತಂಕ ಸುಮ್ನೆ ಅಲ್ಲ. 2018ರ ಜನವರಿಯಲ್ಲಿ ಆದದ್ದು ನೋಡಿ. ಸ್ಟ್ರಾವಾ ಅನ್ನುವ ಓಟದ ಆ್ಯಪ್ ಜಗತ್ತಿನ ಜನ ಓಡಿದ ದಾರಿಗಳನ್ನೆಲ್ಲ ಒಂದೇ ನಕ್ಷೆಯಲ್ಲಿ ಹಾಕಿತ್ತು. ಊರು ಕೇರಿ ಇಲ್ಲದ ಮರುಭೂಮಿಗಳ ಕತ್ತಲ ನಡುವೆ ಸಣ್ಣ ಸಣ್ಣ ಬೆಳಕಿನ ಗೆರೆಗಳು ಕಂಡವು. ಬೆಳಿಗ್ಗೆ ವ್ಯಾಯಾಮಕ್ಕೆ ಬೇಲಿಯ ಸುತ್ತ ಓಡಿದ ಸೈನಿಕರ ಹೆಜ್ಜೆಗಳು ಅವು! ಇದನ್ನು ಗುರುತಿಸಿದವನು ಆಸ್ಟ್ರೇಲಿಯಾದ 20 ವರ್ಷದ ವಿದ್ಯಾರ್ಥಿ. ಅಲ್ಲಿ ಕಂಡದ್ದು ಸರ್ಕಾರದ ಸುಳ್ಳಲ್ಲ, ಹುಡುಗರ ದಿನಚರಿ. ಯಾರು ಎಷ್ಟು ಹೊತ್ತಿಗೆ ಎಲ್ಲಿ ಓಡುತ್ತಾರೆ ಅನ್ನುವುದನ್ನು ನಾವು ಅಚ್ಚು ಹಾಕುವುದಿಲ್ಲ. ನಡೆಯುತ್ತಿರುವ ಯುದ್ಧದಲ್ಲಿ ಪಡೆಗಳು ಇವತ್ತು ಎಲ್ಲಿವೆ ಅನ್ನುವುದನ್ನೂ ಹಾಕುವುದಿಲ್ಲ. ನಿಮ್ಮೂರ ಹುಡುಗರು ಸೇನೆಯಲ್ಲಿದ್ದರೆ, ಫೋಟೊ ಕಳಿಸುವಾಗ ಹಿಂದೆ ಏನಿದೆ ನೋಡಿಕೊಳ್ಳಿ ಅಂತ ಹೇಳಿ. ಬೆನ್ನ ಹಿಂದಿನ ನೀರಿನ ಟ್ಯಾಂಕು, ಗುಡ್ಡದ ಸಾಲು ಇಷ್ಟೇ ಸಾಕು ಜಾಗ ಹೇಳಲು.

ಇನ್ನು ನಿಮ್ಮ ವಿಡಿಯೊ. 2023ರ ಆಗಸ್ಟ್ 20, ಭಾನುವಾರ. ಬಿದ್ದದ್ದು ಕೇಂದ್ರದ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ತಪಸ್ ಅನ್ನುವ ಡ್ರೋನ್. ಪರೀಕ್ಷಾ ಹಾರಾಟ ಅದು. ಅದರ ರೆಕ್ಕೆ 20.6 ಮೀಟರ್, ಎರಡೂ ಕಡೆ ಒಂದೊಂದು ಎಂಜಿನ್. ಚಳ್ಳಕೆರೆ ಹತ್ತಿರ ಡಿಆರ್‌ಡಿಒದ ಪರೀಕ್ಷಾ ನೆಲೆ ಇರುವುದು ಗುಟ್ಟಲ್ಲ, 2017ರಲ್ಲಿ ಸರ್ಕಾರವೇ ಅದನ್ನು ಉದ್ಘಾಟಿಸಿದೆ. ಬಿದ್ದದ್ದು ರೈತರ ಹೊಲದಲ್ಲಿ. ಅದೇ ದಿನ ದೇಶವೇ ಟಿವಿಯಲ್ಲಿ ನೋಡಿತು. ನಿಮ್ಮ ಕಣ್ಣೆದುರು ಬಿದ್ದದ್ದನ್ನು ನೀವು ತೆಗೆದಿರಿ. ನನ್ನ ಲೆಕ್ಕದಲ್ಲಿ ತಪ್ಪಿಲ್ಲ. ನೆಲೆಯ ಬೇಲಿ ಹತ್ತಿ ಒಳಗಿನದ್ದನ್ನು ತೆಗೆದಿದ್ದರೆ ಮಾತು ಬೇರೆ. ನಿಷೇಧಿತ ಜಾಗದ ಚಿತ್ರ, ನಕ್ಷೆ ಮಾಡುವವರನ್ನು ಹಿಡಿಯಲು 1923ರ ಅಧಿಕೃತ ರಹಸ್ಯಗಳ ಕಾಯ್ದೆ ಇದೆ.

ವಿಡಿಯೊ ಅಳಿಸಬೇಡಿ ಮೇಷ್ಟ್ರೇ. ಎಷ್ಟು ಹೊತ್ತಿಗೆ ತೆಗೆದದ್ದು, ಯಾವ ದಿಕ್ಕಿಗೆ ಮುಖ ಮಾಡಿ ನಿಂತಿದ್ದಿರಿ ಅಂತ ಒಂದು ಚೀಟಿಯಲ್ಲಿ ಬರೆದಿಡಿ. ಯಾರದ್ದು ಆ ಹೊಲ, ಆ ವರ್ಷ ಏನು ಬಿತ್ತಿದ್ದರು, ಬೆಳೆ ಎಷ್ಟು ಹಾಳಾಯಿತು, ಪರಿಹಾರ ಬಂತಾ? ಅದನ್ನೂ ಕೇಳಿ ಬರೆದು ಕಳಿಸಿ. ಆ ಪತ್ರವನ್ನು ಖಂಡಿತ ಅಚ್ಚು ಹಾಕುತ್ತೇವೆ.