ಒಂದು ಎಕರೆ ಹುಲ್ಲುಗಾವಲಿದೆ, ಹಂದಿ ತಂದು ಬಿಟ್ರೆ ಮೇಯ್ಕೊಂಡು ಬೆಳೀತಾವಾ?

ನೀವು ಕೇಳಿರೋದು ಮೂರು ವಿಷಯ: ಬರೀ ಹುಲ್ಲಲ್ಲೇ ಬೆಳೀತಾವಾ, ಮಾಮೂಲಿ ತಂತಿಬೇಲಿ ಸಾಕಾ, ಮೊದಲು ಒಂದೇ ಮರಿ ತಂದು ನೋಡ್ಬಹುದಾ. ಇಲ್ಲ, ಇಲ್ಲ, ಬೇಡ. ಹಾಗಂತ ಸಾಕೋ ಆಸೆ ಬಿಡ್ಬೇಡಿ, ನಾನು ಇದೇ ಥರ ಬಯಲಲ್ಲಿ ಬಿಟ್ಟು ಸಾಕ್ತಿರೋನು, ಒಂದು ಎಕರೆ ಎರಡು ಮೂರು ಹಂದಿಗೆ ಧಾರಾಳ ಆಯ್ತು. ಆದ್ರೆ ಹುಲ್ಲಿದೆಯಲ್ಲ ಅನ್ನೋ ಕಾರಣಕ್ಕೆ ತರಬೇಡಿ, ಬೇಲಿ ಮತ್ತೆ ಮೇವು ಎರಡೂ ರೆಡಿ ಆದ್ಮೇಲೆ ತನ್ನಿ.

ಒಂಟಿ ಮರಿ ಯಾಕೆ ಬೇಡ ಅಂದ್ರೆ ಅದು ಗುಂಪಲ್ಲಿ ಇರೋ ಪ್ರಾಣಿ, ಒಂದೇ ಇದ್ರೆ ಕಿರುಚ್ತಾ ಬೇಲಿ ಸುತ್ತಾನೇ ಓಡಾಡುತ್ತೆ, ಸರಿಯಾಗಿ ತಿನ್ನಲ್ಲ. ತಾಯಿ ಹಾಲು ಬಿಡಿಸಿರೋ 6ರಿಂದ 8 ವಾರದ ಮರಿ ಎರಡು ತಗೊಳ್ಳಿ, ಗಂಡಾದ್ರೆ ಬೀಜ ತೆಗೆಸಿರ್ಬೇಕು, ಇಲ್ಲಾಂದ್ರೆ ದೊಡ್ಡದಾದ್ಮೇಲೆ ಮಾಂಸ ವಾಸನೆ ಬರೋ ಸಾಧ್ಯತೆ ಇರುತ್ತೆ.

ಈಗ ಮೇವು. ಹಸು ಥರ ಹುಲ್ಲನ್ನ ಮೆಲುಕು ಹಾಕಿ ಅರಗಿಸೋ ಹೊಟ್ಟೆ ಹಂದಿಗಿಲ್ಲ, ಅದರ ಹೊಟ್ಟೆ ಹೆಚ್ಚುಕಮ್ಮಿ ನಮ್ಮ ಥರಾನೇ. ಬಯಲಲ್ಲಿ ಸಿಗೋ ಎಳೆ ಹುಲ್ಲು, ಗೆಡ್ಡೆ, ಎರೆಹುಳ, ಉದುರಿದ ಹಣ್ಣು ಇವೆಲ್ಲ ಮೇವಿನ ಖರ್ಚಲ್ಲಿ ಸ್ವಲ್ಪ ಉಳಿಸ್ತಾವೆ ಅಷ್ಟೇ, ಹೊಟ್ಟೆ ತುಂಬೋದು ಕಾಳಿಂದ. ಮೆಕ್ಕೆಜೋಳ, ಸೋಯಾ ಹಿಂಡಿ, ಮಿನರಲ್ ಮಿಕ್ಸ್ಚರ್ ಇದ್ರೆ ಕೆಲಸ ನಡೆಯುತ್ತೆ, ಚಿಕ್ಕವಿದ್ದಾಗ ಪ್ರೋಟೀನ್ 16ರಿಂದ 18 ಪರ್ಸೆಂಟ್ ಇರ್ಲಿ, 60 ಕೆಜಿ ದಾಟಿದ್ಮೇಲೆ 14 ಸಾಕು. ಬರೀ ಜೋಳ ಹಾಕಿದ್ರೆ ಲೈಸಿನ್ ಅನ್ನೋ ಪ್ರೋಟೀನಿನ ಅಂಶ ಸಾಲದೆ ಮೈಯೆಲ್ಲ ಕೊಬ್ಬು ಕಟ್ಟುತ್ತೆ, ಮಾಂಸ ಬರಲ್ಲ. ಒಂದು ಕೆಜಿ ತೂಕ ಏರೋಕೆ 3ರಿಂದ 4 ಕೆಜಿ ಮೇವು ಬೇಕು, ಅಂದ್ರೆ ಒಂದು ಮರಿ 100 ಕೆಜಿ ಆಗೋಷ್ಟರಲ್ಲಿ 300 ಕೆಜಿ ಮೇಲೇ ತಿಂದಿರುತ್ತೆ, ಲೆಕ್ಕ ಇಲ್ಲಿಂದ ಶುರು ಮಾಡಿ. ಬಯಲಲ್ಲಿ ಓಡಾಡೋ ಹಂದಿಗೆ ಆ ತೂಕ ಬರೋಕೆ 7ರಿಂದ 9 ತಿಂಗಳು ಹಿಡಿಯುತ್ತೆ. ಕುನೆಕುನೆ ಅಂತ ನ್ಯೂಜಿಲೆಂಡಿನ ಗಿಡ್ಡ ತಳಿ ಒಂದಿದೆ, ಅದು ಹುಲ್ಲು ಚೆನ್ನಾಗಿ ಮೇಯುತ್ತೆ, ಮೂತಿ ಮೊಂಡಾಗಿರೋದ್ರಿಂದ ನೆಲಾನೂ ಕಮ್ಮಿ ಅಗೆಯುತ್ತೆ, ಆದ್ರೆ ಬೆಳವಣಿಗೆ ಬಹಳ ನಿಧಾನ.

ಮುಸುರೆ ಹಾಕಿ ಖರ್ಚು ಉಳಿಸ್ತೀನಿ ಅಂತ ಎಲ್ಲರಿಗೂ ಮೊದಲು ಅನ್ಸುತ್ತೆ. ತರಕಾರಿ ಸಿಪ್ಪೆ, ತೋಟದ ಸೊಪ್ಪು ಹಾಕಿ ಪರವಾಗಿಲ್ಲ, ಆದ್ರೆ ಮಾಂಸ ಮುಟ್ಟಿರೋ ಎಂಜಲು ಬೇಡವೇ ಬೇಡ. ಆಫ್ರಿಕನ್ ಹಂದಿ ಜ್ವರದ ವೈರಸ್ ಸರಿಯಾಗಿ ಬೇಯದ ಹಂದಿ ಮಾಂಸದಲ್ಲಿ ತಿಂಗಳುಗಟ್ಟಲೆ ಬದುಕಿರುತ್ತೆ, ಬಂತು ಅಂದ್ರೆ ಔಷಧಿ ಇಲ್ಲ. 2001ರಲ್ಲಿ ಬ್ರಿಟನ್ನಲ್ಲಿ ಕಾಲುಬಾಯಿ ರೋಗ ಬಂದು 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನ ಕೊಲ್ಲಬೇಕಾಯ್ತಲ್ಲ, ಅದು ಶುರುವಾಗಿದ್ದು ಮುಸುರೆನ ಸರಿಯಾಗಿ ಕುದಿಸದೆ ಹಾಕ್ತಿದ್ದ ಒಂದು ಹಂದಿ ಫಾರ್ಮಿಂದ ಅಂತ ತನಿಖೆಯಲ್ಲಿ ಬಂತು. ಎಷ್ಟೋ ದೇಶಗಳಲ್ಲಿ ಮುಸುರೆ ತಿನ್ನಿಸೋದಕ್ಕೇ ಕಾನೂನಲ್ಲಿ ನಿಷೇಧ ಇದೆ, ನಿಮ್ಮ ಕಡೆ ಹೇಗೆ ಅಂತ ವಿಚಾರಿಸಿಕೊಳ್ಳಿ.

ಬೇಲಿ ವಿಷಯಕ್ಕೆ ಬಂದ್ರೆ, ಮುಳ್ಳುತಂತಿ ಹಂದಿಗೆ ಲೆಕ್ಕಕ್ಕೇ ಇಲ್ಲ, ಮೂತಿ ಕೆಳಗೆ ತೂರಿಸಿ ಎತ್ತಿ ಆಚೆ ಹೋಗುತ್ತೆ. ಎನರ್ಜೈಸರ್ ಅಂತಾರಲ್ಲ, ಆ ಝಟ್ಕಾ ಮಷಿನ್ ಹಾಕಿ ಎರಡು ಎಳೆ ತಂತಿ ಎಳೆದ್ರೆ ಸಾಕು, ಕೆಳಗಿನದು ನೆಲದಿಂದ 15-20 ಸೆಂಟಿಮೀಟರ್, ಮೇಲಿನದು 40-45. ಮನೆ ಕರೆಂಟನ್ನ ನೇರವಾಗಿ ತಂತಿಗೆ ಕೊಡೋ ಯೋಚನೇನೂ ಮಾಡ್ಬೇಡಿ, ಜೀವ ಹೋಗುತ್ತೆ. ಮರೀನ ತಂದ ದಿನಾನೇ ಬಯಲಿಗೆ ಬಿಡಬಾರದು. ಝಟ್ಕಾ ಹೊಡೆದಾಗ ಹಸು ಹಿಂದಕ್ಕೆ ಸರಿಯುತ್ತೆ, ಅಭ್ಯಾಸ ಇಲ್ಲದ ಹಂದಿ ಮುಂದಕ್ಕೇ ನುಗ್ಗುತ್ತೆ. ಅದಕ್ಕೆ ಹಲಗೆಯೋ ಗಟ್ಟಿ ಜಾಲರಿಯೋ ಹೊಡೆದು ಒಂದು ಚಿಕ್ಕ ದೊಡ್ಡಿ ಮಾಡಿ, ಅದರ ಒಳಗಡೆ ಝಟ್ಕಾ ತಂತಿ ಎಳೆದು ಒಂದು ವಾರ ಅಲ್ಲೇ ಇಡಿ. ಮೂತಿ ತಾಗಿಸ್ತಾವೆ, ಕಿರುಚ್ತಾವೆ, ಮುಂದೆ ನುಗ್ಗೋಕೆ ಜಾಗ ಇರಲ್ಲ, ಹಿಂದಕ್ಕೆ ಬರೋದು ಕಲೀತಾವೆ. ಆಮೇಲೆ ಎಷ್ಟು ಪಕ್ಕಾ ಆಗ್ತಾವೆ ಅಂದ್ರೆ ಜಾಗ ಬದಲಾಯಿಸೋಕೆ ನೀವು ತಂತಿ ಬಿಚ್ಚಿ ಎತ್ತಿಟ್ರೂ ದಾಟಲ್ಲ. ಆ ಕಡೆ ಮೇವಿನ ಬಕೆಟ್ ಅಲ್ಲಾಡಿಸ್ತಾ ನಿಂತಿರ್ತೀನಿ, ಇವು ತಂತಿ ಇದ್ದ ಗೆರೆ ಹತ್ರ ಬಂದು ಬ್ರೇಕ್ ಹಾಕ್ತಾವೆ, ಒಂದು ಮುಂಗಾಲು ಎತ್ತಿ, ಮೂತಿ ಚಾಚಿ, ಗುರ್ ಗುರ್ ಅಂತ ನನ್ನನ್ನೇ ಬೈತಾವೆ. ಆ ಗೆರೆ ಮೇಲೇ ಒಣಹುಲ್ಲು ಹರಡಿ, ಕಾಳು ಚೆಲ್ಕೊಂಡು ಹೋಗಿ, ನಿಧಾನಕ್ಕೆ ಬರ್ತಾವೆ. ದಿನಾ ಕೆಳಗಿನ ತಂತಿ ನೋಡ್ಬೇಕು, ಅಗೆದ ಮಣ್ಣು ಅದರ ಮೇಲೆ ಬಿದ್ದು ಕರೆಂಟೆಲ್ಲ ನೆಲಕ್ಕೆ ಹೋಗ್ತಿರುತ್ತೆ, ಬೇಸಿಗೇಲಿ ನೆಲ ಒಣಗಿದ್ರೆ ಅರ್ಥಿಂಗ್ ರಾಡ್ ಸುತ್ತ ಒಂದು ಕೊಡ ನೀರು ಹೊಯ್ಯಿರಿ.

ಒಂದು ಎಕರೇನ ಐದಾರು ಭಾಗ ಮಾಡಿ ಸರದಿ ಮೇಲೆ ಬಿಡಿ. ಮೊದಲು ಹುಲ್ಲು ತಿಂತಾವೆ, ಆಮೇಲೆ ಅಗೆಯೋಕೆ ಶುರು ಮಾಡ್ತಾವೆ, ಮೂರನೇ ಒಂದು ಭಾಗ ನೆಲ ಕಪ್ಪಗೆ ಕಾಣ್ತು ಅಂದ್ರೆ ಎಬ್ಬಿಸಿ ಮುಂದಿನ ಭಾಗಕ್ಕೆ ಹೊಡೀರಿ, ಕ್ಯಾಲೆಂಡರ್ ನೋಡ್ಬೇಡಿ. ಬಿಟ್ಟ ಜಾಗಕ್ಕೆ ಬೀಜ ಎರಚಿ ಹುಲ್ಲು ಪೂರ್ತಿ ಏಳೋವರೆಗೂ ರೆಸ್ಟ್ ಕೊಡಿ. ಜೋರು ಮಳೇಲಿ ಮಾತ್ರ ಬಯಲಿಗೆ ಬಿಡಬೇಡಿ, ಎರಡೇ ದಿನದಲ್ಲಿ ಗದ್ದೆ ಮಾಡಿ ಇಡ್ತಾವೆ, ಅಷ್ಟು ದಿನ ದೊಡ್ಡೀಲೇ ಇರ್ಲಿ. ಜಂತುಹುಳದ ಮೊಟ್ಟೆ ಮಣ್ಣಲ್ಲಿ ವರ್ಷಗಟ್ಟಲೆ ಉಳಿಯುತ್ತೆ, ಹಾಗಾಗಿ ಸರದಿ ಮಾಡಿದ್ರೂ ಹುಳದ ಔಷಧಿ ತಪ್ಪಿಸೋ ಹಾಗಿಲ್ಲ. ಇನ್ನೊಂದು, ಆ ಜಾಗದ ಹತ್ರ ಯಾರೂ ಬಯಲು ಶೌಚಕ್ಕೆ ಹೋಗಬಾರದು. ಹಂದಿ ಅದನ್ನ ತಿಂದ್ರೆ ಲಾಡಿಹುಳದ ಚಕ್ರ ಶುರುವಾಗುತ್ತೆ, ಮನುಷ್ಯರ ಮೆದುಳಿಗೆ ಸೇರಿ ಫಿಟ್ಸ್ ಬರಿಸೋ ಹುಳ ಅದು.

ಹಂದಿ ಬೆವರಿ ಮೈ ತಂಪು ಮಾಡ್ಕೊಳಲ್ಲ, ಅದಕ್ಕೇ ಕೆಸರು ಬೇಕು, ಅದು ಕೊಳಕುತನ ಅಲ್ಲ, ಮಲಗೋ ಜಾಗದಿಂದ ದೂರ ಹೋಗೇ ಸಗಣಿ ಹಾಕ್ತಾವೆ. ನೆರಳು, ಕೆಸರು ಗುಂಡಿ, ಪಕ್ಕದಲ್ಲಿ ಮಗುಚೋಕೆ ಆಗದಂಥ ಕುಡಿಯೋ ನೀರಿನ ತೊಟ್ಟಿ. ಬಿಳಿ ಚರ್ಮದವಕ್ಕೆ ಬಿಸಿಲಿಗೆ ಮೈ ಸುಡುತ್ತೆ, ಕಪ್ಪು ಅಥವಾ ಕೆಂದು ತಳಿ ನೋಡಿ.

ತೂಕದ ಮಷಿನ್ ಬೇಡ, ಟೇಪ್ ಸಾಕು. ಮುಂಗಾಲ ಹಿಂದೆ ಎದೆ ಸುತ್ತಳತೆ, ಆಮೇಲೆ ಕಿವಿಗಳ ನಡುವಿಂದ ಬಾಲದ ಬುಡದವರೆಗೆ ಉದ್ದ, ಎರಡೂ ಮೀಟರಲ್ಲಿ ಅಳೆದು, ಸುತ್ತಳತೆ ಗುಣಿಸು ಸುತ್ತಳತೆ ಗುಣಿಸು ಉದ್ದ ಗುಣಿಸು 69.3. ಸುತ್ತಳತೆ 1.1, ಉದ್ದ 1.2 ಇದ್ರೆ ಸುಮಾರು 100 ಕೆಜಿ. ಔಷಧಿ ಡೋಸ್‌ಗೂ ಇದೇ ಲೆಕ್ಕ ಬೇಕಾಗುತ್ತೆ.

ಹೆಣ್ಣು ಉಳಿಸ್ಕೊಂಡು ಮರಿ ಹಾಕಿಸೋದು ಮೊದಲ ವರ್ಷ ಬೇಡ. ಗಬ್ಬ ನಿಲ್ಲೋದು 114 ದಿನ ಅಷ್ಟೇ, ಆದ್ರೆ ತಾಯಿ ಮೈಯಡಿ ಮರಿ ಸಿಕ್ಕಿ ಸಾಯದ ಹಾಗೆ ನೋಡ್ಕೊಳ್ಳೋದಕ್ಕೆ ಬೇರೆಯದೇ ಶೆಡ್ ಬೇಕು, ನಿದ್ದೆ ಬಿಡೋಕೆ ಮನೇಲಿ ಇನ್ನೊಬ್ರೂ ಬೇಕು.