ಬಿಸಿಲಿನ ಊರಿನಲ್ಲಿ ಹಳೆಯ ಅಪಾರ್ಟ್‌ಮೆಂಟ್ ತಂಪೋ, ಹೊಸದೋ?

ಸೆಕೆಯ ಊರಿಗೆ ವರ್ಗವಾಗಿದೆ, ಹಳೆಯ ಕಟ್ಟಡದಲ್ಲಿ ಮನೆ ಹಿಡಿಯಲೋ ಹೊಸದರಲ್ಲೋ ಎಂದು ಕೇಳಿದ್ದೀರಿ. ಎರಡರಲ್ಲೂ ಬೇಸಿಗೆ ಕಳೆದವನಾಗಿ ಹೇಳುತ್ತೇನೆ: ಫ್ಯಾನನ್ನೇ ನಂಬಿ ಬದುಕುವುದಾದರೆ ಹಳೆಯದನ್ನು ಹಿಡಿಯಿರಿ, ಕೊನೆಯ ಮಹಡಿಯೊಂದನ್ನು ಬಿಟ್ಟು. ಹಗಲೂ ರಾತ್ರಿ ಏಸಿ ಹಾಕುವವರಿಗೆ ಚೆನ್ನಾಗಿ ಕಟ್ಟಿದ ಹೊಸ ಮನೆಯೇ ವಾಸಿ. ಅದರ ಕಿಟಕಿ ಬಾಗಿಲುಗಳ ಸಂದಿಯಲ್ಲಿ ತಂಪು ಸೋರಿಹೋಗುವುದಿಲ್ಲ.

ಮುಖ್ಯ ವ್ಯತ್ಯಾಸ ಗೋಡೆಯದು. ಹಳೆಯ ಕಟ್ಟಡಗಳ ಹೊರಗೋಡೆ ಹೆಚ್ಚಾಗಿ ಒಂಬತ್ತು ಇಂಚಿನ ಇಟ್ಟಿಗೆಯದು. ಹೊರಮೈಗೆ ಬಿದ್ದ ಬಿಸಿಲಿನ ಕಾವು ಒಳಮೈ ತಲುಪಲು ಆರೇಳು ಗಂಟೆ ಹಿಡಿಯುತ್ತದೆ. ಒಣಹವೆಯ ಊರಾದರೆ ಅಷ್ಟರಲ್ಲಿ ಹೊರಗಿನ ಗಾಳಿ ತಣಿದಿರುತ್ತದೆ, ಕಿಟಕಿ ತೆರೆದರೆ ಸಾಕು. ಈಚಿನ ಅನೇಕ ಗಗನಚುಂಬಿಗಳಲ್ಲಿ ಗೋಡೆಯನ್ನೂ ಅಲ್ಯೂಮಿನಿಯಂ ಅಚ್ಚಿಗೆ ಕಾಂಕ್ರೀಟ್ ಸುರಿದೇ ಎಬ್ಬಿಸುತ್ತಾರೆ. ದಪ್ಪ ಕಡಿಮೆ, ಮೇಲಾಗಿ ಕಾಂಕ್ರೀಟಿನಲ್ಲಿ ಶಾಖ ಇಟ್ಟಿಗೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಸಲೀಸಾಗಿ ಹರಿಯುತ್ತದೆ. ಆದರೆ ಹೊಸದೆಲ್ಲ ಹೀಗೆಯೇ ಎನ್ನಲಾಗದು. ಎಎಸಿ ಬ್ಲಾಕಿನ, ಅಂದರೆ ಒಳಗೆಲ್ಲ ಸಣ್ಣ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಇಟ್ಟಿಗೆಯ ಗೋಡೆ ಕಾವನ್ನು ತಡೆಯುವುದರಲ್ಲಿ ಸುಟ್ಟ ಇಟ್ಟಿಗೆಯನ್ನೂ ಮೀರಿಸುತ್ತದೆ. ಆದ್ದರಿಂದ ಗೋಡೆ ಯಾವುದರದ್ದು ಎಂದು ಕೇಳಿಯೇ ತೀರಿ.

ಗೋಡೆಯ ಮಾತನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ನಮ್ಮ ಮೈಗೆ ತಾಗುವುದು ಗಾಳಿಯ ಬಿಸಿ ಮಾತ್ರವಲ್ಲ. ಕೋಣೆಯ ಗಾಳಿ 30 ಡಿಗ್ರಿ ಇದ್ದು ಸುತ್ತಲಿನ ಗೋಡೆ, ಸೂರು 36 ಡಿಗ್ರಿಗೆ ಕಾದಿದ್ದರೆ ಮೈಗೆ ಸುಮಾರು 33 ಡಿಗ್ರಿಯಲ್ಲಿದ್ದಂತೆ ಅನ್ನಿಸುತ್ತದೆ. ಫ್ಯಾನ್ ಹಾಕಿದರೂ ನಿದ್ದೆ ಬಾರದ ರಾತ್ರಿಗಳಿಗೆ ಎಷ್ಟೋ ಸಲ ಇದೇ ಕಾರಣ. ಕೊನೆಯ ಮಹಡಿ ಬೇಡ ಎಂದದ್ದೂ ಇದಕ್ಕಾಗಿಯೇ: ನಡುಹಗಲಿನ ಸೂರ್ಯ ನೆತ್ತಿಯ ಮೇಲಿರುವಾಗ ತಾರಸಿ ಹೀರಿದಷ್ಟು ಬಿಸಿಲನ್ನು ಯಾವ ಗೋಡೆಯೂ ಹೀರುವುದಿಲ್ಲ. ತಾರಸಿಗೆ ಬಿಳಿಯ ಪ್ರತಿಫಲಕ ಬಣ್ಣ ಬಳಿದಿದ್ದರೆ ಮಾತು ಬೇರೆ.

ಎತ್ತರದ ಸೂರಿನ ಬಗ್ಗೆ ಜನ ಹೇಳುವಷ್ಟು ಲಾಭ ನನಗೆ ಕಂಡಿಲ್ಲ. ಹಳೆಯ ಮನೆಗಳ ನಿಜವಾದ ಆಸ್ತಿ ಕಿಟಕಿಯ ಮೇಲಿನ ಅಗಲವಾದ ಸಜ್ಜಾ ಮತ್ತು ಎದುರುಬದುರು ಕಿಟಕಿಗಳು. ಬಿಸಿಲನ್ನು ಗಾಜಿನ ಹೊರಗೇ ತಡೆಯಬೇಕು. ಒಳಗೆ ಬಂದ ಮೇಲೆ ಪರದೆ ಎಳೆದು ಪ್ರಯೋಜನ ಅಲ್ಪ. ಪಶ್ಚಿಮಕ್ಕೆ ನೆಲದಿಂದ ಸೂರಿನವರೆಗೆ ಗಾಜು ಕೂರಿಸಿದ ಹೊಸ ಮನೆ ನೋಟಕ್ಕೆ ಎಷ್ಟೇ ಚೆಂದವಿದ್ದರೂ ಬಾಡಿಗೆಗೆ ಹಿಡಿಯಬೇಡಿ. ಜಾರುಕಿಟಕಿಯಾದರೆ ತೆರೆಯುವುದೂ ಅರ್ಧವೇ. ರಾತ್ರಿಯೂ ತಣಿಯದ, ಬೆವರು ಆರದ ಕರಾವಳಿಯ ಊರಾಗಿದ್ದರಂತೂ ದಪ್ಪ ಗೋಡೆಯಿಂದ ಹೆಚ್ಚು ಉಪಯೋಗವಿಲ್ಲ, ಗಾಳಿಯೇ ಎಲ್ಲ. ಅಲ್ಲಿ ಗಾಳಿ ಬರುವ ಕಡೆಗೆ ತೆರೆದುಕೊಂಡ ಹೊಸ ಕಟ್ಟಡದ ಮೇಲಿನ ಮಹಡಿ, ಅಕ್ಕಪಕ್ಕದ ಗೋಡೆಗಳ ನಡುವೆ ಸಿಕ್ಕಿಕೊಂಡ ಹಳೆಯ ಮನೆಗಿಂತ ಹಿತ.

ಮನೆ ನೋಡಲು ಬೆಳಗ್ಗೆ ಹೋಗಬೇಡಿ. ರಾತ್ರಿ ಎಂಟರ ಸುಮಾರಿಗೆ ಹೋಗಿ, ಪಶ್ಚಿಮದ ಗೋಡೆಯ ಒಳಮೈಗೆ ಅಂಗೈ ಒತ್ತಿ ನೋಡಿ. ಬಾಗಿಲು ಕಿಟಕಿ ತೆರೆಸಿ ಐದು ನಿಮಿಷ ಮಲಗುವ ಕೋಣೆಯಲ್ಲಿ ನಿಲ್ಲಿ. ಪಕ್ಕದ ಮನೆಗಳ ಏಸಿ ಯಂತ್ರಗಳ ಬಿಸಿಗಾಳಿ ನಿಮ್ಮ ಕಿಟಕಿಗೇ ಬಡಿಯುತ್ತಿದೆಯೇ ಎಂಬುದೂ ಆಗಲೇ ಗೊತ್ತಾಗುತ್ತದೆ.